ಕಾಡಿನಲ್ಲಿ ಉಳಿದವರ ಹೆಸರು

ವಿದೇಶದ ವಿಶ್ವವಿದ್ಯಾಲಯವನ್ನು ಸೇರಿ, ದೂರದ ಕಾಡಿನಲ್ಲಿ 6 ತಿಂಗಳು ಪ್ರಾಣಿಗಳನ್ನು ನೋಡಿ ಬಂದವರನ್ನು ನಾವು ವನ್ಯಜೀವಿ ವಿಜ್ಞಾನಿಗಳೆಂದು ಕೊಂಡಾಡುತ್ತೇವೆ. ಅದೇ ಕಾಡಿನಲ್ಲಿ ವರ್ಷಗಟ್ಟಲೆ ಅದೇ ಪ್ರಾಣಿಗಳ ಹಿಂದೆ ನಡೆದವರನ್ನು ‘ಸಹಾಯಕರು’ ಎಂದು ಕರೆದು ಸುಮ್ಮನಾಗುತ್ತೇವೆ. ಈ ಪಂಕ್ತಿಭೇದ ಆ ಜನರಿಗೆ ಮಾಡುವ ಅನ್ಯಾಯ ಮಾತ್ರವಲ್ಲ, ವಿಜ್ಞಾನಕ್ಕೂ ಅಪಚಾರ ಎಂಬುದು ನನ್ನ ವಾದ.

ಟಾಂಜಾನಿಯಾದ ಗೋಂಬೆ ಅರಣ್ಯವನ್ನೇ ನೋಡೋಣ. 1960ರ ಜುಲೈಯಲ್ಲಿ ಚಿಂಪಾಂಜಿಗಳ ಅಧ್ಯಯನಕ್ಕೆಂದು ಅಲ್ಲಿಗೆ ಹೋದ ಜೇನ್ ಗುಡಾಲ್ ಅವರ ಬಳಿ ಯಾವ ಪದವಿಯೂ ಇರಲಿಲ್ಲ. ಗೆದ್ದಲ ಹುತ್ತಕ್ಕೆ ಕಡ್ಡಿ ತೂರಿಸಿ ಚಿಂಪಾಂಜಿ ಗೆದ್ದಲು ಹಿಡಿಯುವುದನ್ನು ಅವರು ಆ ವರ್ಷವೇ ಕಂಡರು. ಕೇಂಬ್ರಿಜ್‌ನ ಡಾಕ್ಟರೇಟ್ ಬಂದದ್ದು ಅನಂತರ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕಾಗಿ ಅಲ್ಲಿಗೆ ಬರತೊಡಗಿದರು. 1975ರ ಮೇ ತಿಂಗಳ ಒಂದು ರಾತ್ರಿ, ಟಾಂಗನೀಕಾ ಸರೋವರದ ಆಚೆ ದಡದಿಂದ ದೋಣಿಯಲ್ಲಿ ಬಂದ ಬಂಡುಕೋರರು ಅವರಲ್ಲಿ ಮೂವರನ್ನೂ ಡಚ್ ಸಂಶೋಧಕಿಯೊಬ್ಬರನ್ನೂ ಅಪಹರಿಸಿದರು. ನಾಲ್ವರೂ ಕೊನೆಗೆ ಬಿಡುಗಡೆಯಾದರು. ಆದರೆ ವಿದೇಶೀ ವಿದ್ಯಾರ್ಥಿಗಳ ವಾಸ್ತವ್ಯಕ್ಕೆ ತೆರೆ ಬಿದ್ದಿತು.

ಅಧ್ಯಯನ ಮಾತ್ರ ನಿಲ್ಲಲಿಲ್ಲ. ಅದನ್ನು ಮುಂದುವರಿಸಿದವರು ಟಾಂಜಾನಿಯಾದ ಸಿಬ್ಬಂದಿ. ಅವರು ದಿನವೂ ಚಿಂಪಾಂಜಿಗಳನ್ನು ಹಿಂಬಾಲಿಸಿ, ಕಂಡದ್ದನ್ನು ಸ್ವಾಹಿಲಿಯಲ್ಲಿ ಬರೆದಿಟ್ಟರು. ಒಂದೇ ಸಮುದಾಯ ಎರಡಾಗಿ ಒಡೆದು, 1974ರಿಂದ 1978ರವರೆಗೆ ನಡೆದ ದಾಳಿಗಳಲ್ಲಿ ಚಿಕ್ಕ ಗುಂಪು ಅಳಿದುಹೋದ ವೃತ್ತಾಂತ ಲೋಕಕ್ಕೆ ತಿಳಿದದ್ದರಲ್ಲಿ ಅವರ ಪಾಲು ದೊಡ್ಡದು. 1974ರ ಜನವರಿಯ ಮೊದಲ ದಾಳಿಯನ್ನು ಕಣ್ಣಾರೆ ಕಂಡವರು ಹಿಲಾಲಿ ಮಾತಾಮ. ಗುಡಾಲ್ ಹೆಸರು ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತು. ಈ ಹೆಸರು ಎಷ್ಟು ಮಂದಿಗೆ ಗೊತ್ತು?

‘ಅವರು ಕಂಡದ್ದನ್ನು ಬರೆದರು, ಅಷ್ಟೆ, ಅರ್ಥ ಹಚ್ಚಿದ್ದು ವಿಶ್ವವಿದ್ಯಾಲಯ’ ಎಂಬ ಆಕ್ಷೇಪವುಂಟು. ಏನನ್ನು, ಯಾವ ಕ್ರಮದಲ್ಲಿ ದಾಖಲಿಸಬೇಕೆಂಬ ಶಿಸ್ತನ್ನು ವಿಶ್ವವಿದ್ಯಾಲಯ ಕಲಿಸುತ್ತದೆ, ಒಪ್ಪಿದೆ. ಆದರೆ ಹೆಣ್ಣು ಚಿಂಪಾಂಜಿ ಹೆರುವುದು ಸುಮಾರು 5 ವರ್ಷಕ್ಕೊಮ್ಮೆ. ಅದರ ಬಾಳು ಹಲವು ದಶಕಗಳದ್ದು. 6 ತಿಂಗಳ ಅತಿಥಿಗೆ ಆ ಬಾಳಿನ ಎಷ್ಟು ಪಾಲು ದಕ್ಕೀತು? ಮುಖ ನೋಡಿದೊಡನೆ ಇದು ಇಂಥ ತಾಯಿಯ ಮರಿ ಎಂದು ಗುರುತಿಸುವುದೂ ವಿದ್ಯೆಯೇ. ಆ ವಿದ್ಯೆಯಿಲ್ಲದೆ ಅರ್ಥ ಹಚ್ಚಲು ಏನೂ ಉಳಿಯುತ್ತಿರಲಿಲ್ಲ.

ಇಂಥ ಓದಿಗೆ ಹೊರದೇಶಕ್ಕೆ ಹೊರಟಿರುವ ಶಿಷ್ಯರೇ, ಅವಶ್ಯ ಹೋಗಿ. ಆದರೆ ಮೊದಲು ಆ ನೆಲದ ಭಾಷೆ ಕಲಿಯಿರಿ. ಕಾಡು ತೋರಿಸಿದವರನ್ನು ಕೃತಜ್ಞತೆಯ ಪುಟದಲ್ಲಿ ‘ಸ್ಥಳೀಯರು’ ಎಂದು ತೇಲಿಸಬೇಡಿ. ಅವರ ದುಡಿಮೆ ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ, ಹೆಸರು ಹಿಡಿದು ಲೇಖಕರ ಸಾಲಿನಲ್ಲೇ ಸೇರಿಸಿ. ನೀವು ಹಿಂದಿರುಗಿದ ಮೇಲೂ ಆ ಕಾಡಿನಲ್ಲಿ ಟಿಪ್ಪಣಿ ಬರೆಯುತ್ತಿರುವವರು ಅವರೇ.