ಐದನೆಯ ಚಕ್ರದ ಲೆಕ್ಕ

ಗ್ಯಾರೇಜಿನ ಹುಡುಗನಿಂದ ಲಾರಿ ಚಾಲಕನವರೆಗೆ ಎಲ್ಲರ ಬಾಯಲ್ಲೂ ಓಡಾಡುವ ‘ಸ್ಟೆಪ್ನಿ’ ಎಂಬ ಪದ ಮೂಲದಲ್ಲಿ ಒಂದು ಬೀದಿಯ ಹೆಸರು. ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಲಾನೆಲ್ಲಿ ಎಂಬ ಊರಿದೆ. ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸಹೋದರರು 1904ರಲ್ಲಿ ಒಂದು ಹೊಸ ಸಾಧನವನ್ನು ರೂಪಿಸಿದರು. ಆಗಿನ ಮೋಟಾರುಗಳಲ್ಲಿ ಚಕ್ರವನ್ನು ಸುಲಭವಾಗಿ ಕಳಚುವ ಏರ್ಪಾಡು ಇರಲಿಲ್ಲ. ಪಂಕ್ಚರಾದರೆ ರಸ್ತೆಯ ಬದಿಯಲ್ಲೇ ಕುಳಿತು ಟೈರು ಬಿಚ್ಚಿ ತೇಪೆ ಹಾಕಬೇಕಿತ್ತು. ಡೇವಿಸ್ ಸಹೋದರರು ಗಾಳಿ ತುಂಬಿದ ಟೈರನ್ನು ಹೊತ್ತ, ಅರಗಳಿಲ್ಲದ ಒಂದು ಬಳೆಯನ್ನು ಮಾಡಿದರು. ಅದನ್ನು ಕೆಟ್ಟ ಚಕ್ರದ ಪಕ್ಕಕ್ಕೆ ಬಿಗಿದು ಪ್ರಯಾಣ ಮುಂದುವರಿಸಬಹುದಿತ್ತು. ಆ ಬಳೆ ಮರೆಯಾಗಿ ಎಷ್ಟೋ ಕಾಲವಾಯಿತು. ಬೀದಿಯ ಹೆಸರು ಮಾತ್ರ ಭಾರತದ ಭಾಷೆಗಳಲ್ಲಿ ಉಳಿದುಕೊಂಡಿದೆ.

ವಿಚಿತ್ರವೆಂದರೆ, ಸ್ಟೆಪ್ನಿ ಹುಟ್ಟಿದ ಬ್ರಿಟನ್ನಿನಲ್ಲೇ ಇಂದು ಹೊಸ ಕಾರುಗಳ ಡಿಕ್ಕಿಯಿಂದ ಅದು ಕಾಣೆಯಾಗುತ್ತಿದೆ. ಕಾರಿನಲ್ಲಿ ಹೆಚ್ಚುವರಿ ಚಕ್ರ ಇರಲೇಬೇಕೆಂಬ ಕಾನೂನು ಅಲ್ಲಿಲ್ಲ. ಈ ಬದಲಾವಣೆಯಿಂದ ಹೆಚ್ಚು ಯೋಚನೆಗೆ ಬಿದ್ದಿರುವವರು ಕ್ಯಾರವಾನ್ ಎಳೆಯುವ ಕುಟುಂಬಗಳು.

ಕ್ಯಾರವಾನ್ ಎಂದರೆ ಗಾಲಿಗಳ ಮೇಲಿನ ಪುಟ್ಟ ಮನೆ. ಮಲಗುವ ಜಾಗ, ಒಲೆ, ನೀರಿನ ತೊಟ್ಟಿ ಎಲ್ಲವೂ ಅದರಲ್ಲಿರುತ್ತವೆ. ಸ್ವಂತ ಎಂಜಿನ್ ಮಾತ್ರ ಇರುವುದಿಲ್ಲ. ಕಾರಿನ ಹಿಂದೆ ಕಟ್ಟಿ ಎಳೆಯಬೇಕು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯ ಹಾಗೂ ಲೇಖಕರು ‘ವಾಂಡರರ್’ ಎಂಬ ಕುದುರೆ ಎಳೆಯುವ ಕ್ಯಾರವಾನಿನಲ್ಲಿ ಬ್ರಿಟನ್ ಸುತ್ತಿದರು. ಕಾರಿನಿಂದ ಎಳೆಯುವ ಕ್ಯಾರವಾನ್‌ಗಳು ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಬಳಕೆಗೆ ಬಂದವು. ಶಾಲೆಗೆ ಬೇಸಿಗೆ ರಜೆ ಬಂತೆಂದರೆ ಮಕ್ಕಳನ್ನು ಕೂರಿಸಿಕೊಂಡು, ಮನೆಯನ್ನೇ ಹಿಂದೆ ಕಟ್ಟಿಕೊಂಡು ಸಮುದ್ರತೀರಕ್ಕೋ ಬೆಟ್ಟಗಳಿಗೋ ಹೊರಡುವುದು ಅಲ್ಲಿನ ಅನೇಕ ಕುಟುಂಬಗಳ ಪದ್ಧತಿ.

ತಯಾರಕರ ಲೆಕ್ಕ

ಹೆಚ್ಚುವರಿ ಚಕ್ರವನ್ನು ತಯಾರಕರು ಏಕೆ ಬಿಟ್ಟರು? ಚಕ್ರ, ಜಾಕ್ ಮತ್ತು ಪಾನಾ ಸೇರಿ ಸುಮಾರು 20ರಿಂದ 25 ಕಿಲೋಗ್ರಾಂ ತೂಗುತ್ತವೆ. ಅಷ್ಟು ತೂಕ ಇಳಿದರೆ ಇಂಧನ ಸ್ವಲ್ಪ ಉಳಿಯುತ್ತದೆ, ಹೊಗೆಯ ಪ್ರಮಾಣ ಸ್ವಲ್ಪ ಇಳಿಯುತ್ತದೆ, ಖರ್ಚೂ ಉಳಿಯುತ್ತದೆ. ವಿದ್ಯುತ್ತಿನಿಂದ ಓಡುವ ಕಾರುಗಳಲ್ಲಿ ಬ್ಯಾಟರಿಗೆ ಜಾಗವೂ ಬೇಕು. ಇಂದಿನ ಟೈರುಗಳು ಹಿಂದಿನವುಗಳಿಗಿಂತ ಗಟ್ಟಿ, ಪಂಕ್ಚರ್ ಅಪರೂಪ. ಊರೊಳಗೆ ಓಡಾಡುವ ಕಾರಿಗೆ ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ.

ಆದರೆ ಇದು ಒಂಟಿ ಕಾರಿನ ಲೆಕ್ಕ. ಅದೇ ಕಾರಿಗೆ ಒಂದು ಟನ್ನಿಗೂ ಮೀರಿದ ಮನೆಯನ್ನು ಕಟ್ಟಿದಾಗ ಅದು ಹಾಗೆಯೇ ನಿಲ್ಲುತ್ತದೆಯೆ? ಇದಕ್ಕೆ ಉತ್ತರ ಹೈಸ್ಕೂಲಿನ ವಿಜ್ಞಾನ ಪುಸ್ತಕದ ‘ಸನ್ನೆ’ಯ ಪಾಠದಲ್ಲಿದೆ.

ಸನ್ನೆಯ ಕೈವಾಡ

ಎತ್ತಿನ ಗಾಡಿ ಹೇರುವವರಿಗೆ ಮುಂಭಾರ, ಹಿಂಭಾರ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಕತ್ತನ್ನು ಒತ್ತುತ್ತದೆ. ಹಿಂಭಾರವಾದರೆ ಮೂಕಿ ಮೇಲಕ್ಕೇಳುತ್ತದೆ. ಕ್ಯಾರವಾನಿನದೂ ಇದೇ ಕತೆ. ಅದರ ಮೂತಿ ಕಾರಿನ ಹಿಂದಿನ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಕ್ಯಾರವಾನಿನ ಒಟ್ಟು ತೂಕದ ಶೇಕಡ 5ರಿಂದ 7ರಷ್ಟು ಭಾರ ಆ ಗುಂಡಿನ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು ಎಂಬುದು ಅಲ್ಲಿನ ರೂಢಿಯ ಸಲಹೆ. 1,300 ಕಿಲೋಗ್ರಾಂ ತೂಗುವ ಕ್ಯಾರವಾನಿನ ಮೂತಿಭಾರ 80 ಕಿಲೋಗ್ರಾಂ ಎಂದಿಟ್ಟುಕೊಳ್ಳಬಹುದು.

ಈ 80 ಕಿಲೋಗ್ರಾಂ ಕಾರಿನ ನಾಲ್ಕೂ ಚಕ್ರಗಳಿಗೆ ಸಮನಾಗಿ ಹಂಚಿಹೋಗುವುದಿಲ್ಲ. ಗುಂಡು ಇರುವುದು ಹಿಂದಿನ ಅಚ್ಚಿಗಿಂತಲೂ ಹಿಂದೆ. ಆದ್ದರಿಂದ ಹಿಂದಿನ ಅಚ್ಚು ಆನಿಕೆಯಾಗುತ್ತದೆ, ಕಾರು ಸನ್ನೆಯಾಗುತ್ತದೆ. ಗುಂಡು ಹಿಂದಿನ ಅಚ್ಚಿನಿಂದ 1 ಮೀಟರ್ ದೂರದಲ್ಲಿದೆ, ಎರಡು ಅಚ್ಚುಗಳ ನಡುವಿನ ಅಂತರ 2.7 ಮೀಟರ್ ಇದೆ ಎಂದುಕೊಂಡರೆ ಲೆಕ್ಕ ಹೀಗಾಗುತ್ತದೆ: 80ನ್ನು 1ರಿಂದ ಗುಣಿಸಿ 2.7ರಿಂದ ಭಾಗಿಸಿದರೆ ಸುಮಾರು 30. ಅಂದರೆ ಮುಂದಿನ ಅಚ್ಚಿನ ಮೇಲಿನ ಭಾರ 30 ಕಿಲೋಗ್ರಾಂ ಕಡಿಮೆಯಾಗುತ್ತದೆ. ಹಿಂದಿನ ಅಚ್ಚಿನ ಮೇಲೆ 80ರ ಜೊತೆಗೆ ಈ 30 ಸೇರಿ ಒಟ್ಟು 110 ಕಿಲೋಗ್ರಾಂ ಹೆಚ್ಚಾಗುತ್ತದೆ. ಹಿಂದಿನ ಒಂದೊಂದು ಟೈರಿಗೆ 55 ಕಿಲೋಗ್ರಾಂ ಹೆಚ್ಚಿನ ಹೊರೆ! ಡಿಕ್ಕಿಯ ಸಾಮಾನು, ಹಿಂದಿನ ಸೀಟಿನ ಮಕ್ಕಳು ಇದರ ಮೇಲೆ ಬೇರೆ.

ಹೊರೆ ಹೆಚ್ಚಿದಂತೆ ಟೈರು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ನೆಟ್ಟಗಾಗುತ್ತದೆ. ಬಾಗಿಸಲು ವ್ಯಯವಾದ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ. ಒಂದು ಭಾಗ ಶಾಖವಾಗುತ್ತದೆ. ಗಾಳಿ ಕಡಿಮೆಯಿದ್ದರಂತೂ ಬಾಗುವಿಕೆ ಇನ್ನೂ ಹೆಚ್ಚು, ಶಾಖವೂ ಹೆಚ್ಚು. ಹೊರೆ ಇದ್ದಾಗ ಹಿಂದಿನ ಟೈರುಗಳಿಗೆ ಹೆಚ್ಚು ಗಾಳಿ ಹಾಕಿಸಬೇಕೆಂದು ಕಾರಿನ ಕೈಪಿಡಿಗಳು ಹೇಳುವುದು ಇದಕ್ಕೇ.

ಇನ್ನೊಂದು ಅಪಾಯ ತೂಗಾಟದ್ದು. ಪಕ್ಕದಿಂದ ಬೀಸುವ ಗಾಳಿಗೋ ದೊಡ್ಡ ಲಾರಿ ದಾಟಿದಾಗಿನ ಸೆಳೆತಕ್ಕೋ ಕ್ಯಾರವಾನ್ ಲೋಲಕದಂತೆ ಅತ್ತಿತ್ತ ತೂಗುತ್ತದೆ. ವೇಗ ಕಡಿಮೆಯಿದ್ದರೆ ತೂಗಾಟ ತಾನಾಗಿಯೇ ಕುಗ್ಗುತ್ತದೆ. ಒಂದು ಮಿತಿಯನ್ನು ಮೀರಿದ ವೇಗದಲ್ಲಿ ಅದು ಕುಗ್ಗುವ ಬದಲು ಹಿಗ್ಗುತ್ತದೆ. ಕ್ಯಾರವಾನ್ ಹಾವಿನಂತೆ ಹೊರಳಿ ಕಾರನ್ನೂ ಎಳೆದಾಡುತ್ತದೆ. ಇದನ್ನು ತಡೆದು ಹಿಡಿಯುವ ಕೆಲಸದಲ್ಲಿ ಕಾರಿನ ಹಿಂದಿನ ಟೈರುಗಳ ಪಾಲು ದೊಡ್ಡದು. ಅವುಗಳಲ್ಲಿ ಒಂದು ಮೆದುವಾದರೆ ಅಥವಾ ಕಿರಿದಾದರೆ ಆ ಮಿತಿ ಇಳಿಯುತ್ತದೆ.

ಬದಲಿ ಉಪಾಯಗಳು

ಹೆಚ್ಚುವರಿ ಚಕ್ರದ ಬದಲು ತಯಾರಕರು ಕೊಡುವುದು ಮುಖ್ಯವಾಗಿ ಎರಡು. ಮೊದಲನೆಯದು ಅಂಟುದ್ರವದ ಡಬ್ಬಿ ಮತ್ತು ಗಾಳಿ ತುಂಬುವ ಪುಟ್ಟ ಪಂಪು. ಮೊಳೆ ಚುಚ್ಚಿದ ಸಣ್ಣ ತೂತು ನೆಲಕ್ಕೆ ತಾಗುವ ಭಾಗದಲ್ಲಿದ್ದರೆ ಇದು ಉಪಯೋಗಕ್ಕೆ ಬರುತ್ತದೆ. ಟೈರಿನ ಪಕ್ಕ ಸೀಳಿದರೆ ಅಥವಾ ಟೈರು ಸಿಡಿದರೆ ಡಬ್ಬಿಯಿಂದ ಏನೂ ಪ್ರಯೋಜನವಿಲ್ಲ. ಸರಿಹೋದರೂ ಅದು ಹತ್ತಿರದ ಟೈರಿನ ಅಂಗಡಿಯವರೆಗಿನ ತಾತ್ಕಾಲಿಕ ಉಪಾಯವಷ್ಟೆ.

ಎರಡನೆಯದು ಕಿರಿದಾದ ಹೆಚ್ಚುವರಿ ಚಕ್ರ. ಸಾಮಾನ್ಯ ಟೈರಿಗೆ 32, 35 ಪೌಂಡ್ ಗಾಳಿ ಸಾಕಾದರೆ ಇದಕ್ಕೆ ಸುಮಾರು 60 ಪೌಂಡ್ ಬೇಕು. ಇದನ್ನು ಹಾಕಿದಾಗ ಗಂಟೆಗೆ 80 ಕಿಲೋಮೀಟರ್ ವೇಗವನ್ನು ಮೀರಬಾರದು ಎಂದು ಅದರ ಮೇಲೆಯೇ ಬರೆದಿರುತ್ತದೆ. ಒಂದು ಪಕ್ಕ ಅಗಲದ ಟೈರು, ಇನ್ನೊಂದು ಪಕ್ಕ ಕಿರಿದಾದ ಟೈರು ಇದ್ದರೆ ಹಿಡಿತ ಸಮನಾಗಿರುವುದಿಲ್ಲ. ಇಂತಹ ಚಕ್ರ ಹಾಕಿಕೊಂಡು ಕ್ಯಾರವಾನ್ ಎಳೆಯಬಾರದೆಂದು ಅನೇಕ ಕಾರುಗಳ ಕೈಪಿಡಿಗಳಲ್ಲಿ ಎಚ್ಚರಿಕೆ ಇರುತ್ತದೆ. ಹಾಗಾದರೆ ಕಾರು ಮುಂದೆ ಹೋಗಬಹುದು, ಮನೆ ರಸ್ತೆಯ ಬದಿಯಲ್ಲೇ ಉಳಿಯಬೇಕು!

ಹೀಗಾಗಿ ಕ್ಯಾರವಾನ್ ಎಳೆಯುವವರಿಗೆ ನಿಜವಾಗಿ ನೆರವಾಗುವುದು ಉಳಿದ ನಾಲ್ಕರಷ್ಟೇ ಅಳತೆಯ, ಅಷ್ಟೇ ಹೊರೆ ತಾಳುವ ಐದನೆಯ ಚಕ್ರ. ಹೊರೆಯ ಸಾಮರ್ಥ್ಯವನ್ನು ಟೈರಿನ ಪಕ್ಕದಲ್ಲಿ ಸಂಕೇತದ ಅಂಕಿಯಾಗಿ ಅಚ್ಚೊತ್ತಿರುತ್ತಾರೆ. 91 ಎಂದಿದ್ದರೆ ಆ ಟೈರು 615 ಕಿಲೋಗ್ರಾಂ ಹೊರಬಲ್ಲದು. 95 ಎಂದಿದ್ದರೆ 690. ಕ್ಯಾರವಾನಿನ ಚಕ್ರವೇ ಕಾರಿಗೂ ಆದೀತು ಎಂದು ನಂಬುವುದು ತಪ್ಪು. ಅಳತೆಯೂ ಬೋಲ್ಟಿನ ತೂತುಗಳ ಜಾಗವೂ ಸಾಮಾನ್ಯವಾಗಿ ಬೇರೆ ಬೇರೆ. ಎರಡಕ್ಕೂ ತಮ್ಮ ತಮ್ಮ ಸ್ಟೆಪ್ನಿ ಬೇಕು.

ಹೊರುವುದಕ್ಕೂ ಮಿತಿಯಿದೆ

ಹಾಗಾದರೆ ಚಕ್ರವೊಂದನ್ನು ಕೊಂಡು ಡಿಕ್ಕಿಗೆ ಹಾಕಿಕೊಂಡರೆ ಮುಗಿಯಿತಲ್ಲ? ಅಲ್ಲೂ ಲೆಕ್ಕ ಬಿಡುವುದಿಲ್ಲ. ಪ್ರತಿ ಕಾರೂ ಹೊರಬಹುದಾದ ಭಾರಕ್ಕೆ ಮಿತಿಯಿದೆ. ಅದು 500 ಕಿಲೋಗ್ರಾಂ ಎಂದುಕೊಂಡರೆ, ತಂದೆ, ತಾಯಿ ಮತ್ತು ಇಬ್ಬರು ಮಕ್ಕಳು 270; ಡಿಕ್ಕಿಯ ಸಾಮಾನು 100; ಕ್ಯಾರವಾನಿನ ಮೂತಿಭಾರ 80. ಮೂತಿಭಾರವೂ ಕಾರಿನ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಒಟ್ಟು 450 ಆಯಿತು. ಚಕ್ರ ಮತ್ತು ಜಾಕಿಗೆ 25 ಸೇರಿಸಿದರೆ 475. ಮಿತಿಯ ಒಳಗೇ ಇದೆ. ಹೊರಡುವ ಗಳಿಗೆಯಲ್ಲಿ 40 ಕಿಲೋಗ್ರಾಂ ತೂಗುವ ಡೇರೆಯನ್ನೂ ತುರುಕಿದರೆ 515! ಆಗ ಏನನ್ನು ಇಳಿಸಬೇಕು? ಅನೇಕರು ಮೊದಲು ಇಳಿಸುವುದು ಚಕ್ರವನ್ನೇ, ಏಕೆಂದರೆ ಅದು ಕಳೆದ ವರ್ಷ ಉಪಯೋಗಕ್ಕೆ ಬಂದಿರಲಿಲ್ಲ. ಬೆಂಕಿ ಬಿದ್ದಿಲ್ಲವೆಂದು ಬಾವಿಯನ್ನು ಮುಚ್ಚಿದಂತೆ ಇದು.

ಚಕ್ರಕ್ಕೆ ಗೂಡಿಲ್ಲದ ಕಾರುಗಳಲ್ಲಿ ಅದನ್ನು ಗಟ್ಟಿ ಪಟ್ಟಿಯಿಂದ ಬಿಗಿಯಲೇಬೇಕು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ 20 ಕಿಲೋಗ್ರಾಮಿನ ಚಕ್ರದ ಚಲನಶಕ್ತಿ ಸುಮಾರು 4,900 ಜೂಲ್. ಅದು 25 ಮೀಟರ್ ಎತ್ತರದಿಂದ, ಅಂದರೆ ಎಂಟು ಮಹಡಿಯ ಮೇಲಿನಿಂದ, ಬಿದ್ದಾಗ ಪಡೆಯುವಷ್ಟೇ ಶಕ್ತಿ. ಕಾರು ಗಕ್ಕನೆ ನಿಂತರೆ ಬಿಗಿಯದ ಚಕ್ರ ಹೋಗಿ ತಾಗುವುದು ಹಿಂದಿನ ಸೀಟಿನ ಮಕ್ಕಳಿಗೆ.

ಹೊತ್ತುಕೊಂಡು ಮರೆತ ಚಕ್ರವೂ ಕೈಕೊಡುತ್ತದೆ. ಟೈರಿನಿಂದ ಗಾಳಿ ನಿಧಾನವಾಗಿ ಸೋರುತ್ತದೆ, ರಬ್ಬರು ಕೂತಲ್ಲೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳು ಅದರ ಹುಟ್ಟಿದ ವಾರ ಮತ್ತು ವರ್ಷವನ್ನು ತಿಳಿಸುತ್ತವೆ. 2319 ಎಂದರೆ 2019ರ 23ನೆಯ ವಾರ.

ಚಕ್ರವಿದೆಯೆಂದು ಎಲ್ಲೆಂದರಲ್ಲಿ ಬದಲಾಯಿಸಲು ಕೂರುವುದೂ ಸರಿಯಲ್ಲ. ವಾಹನಗಳು ರಭಸದಿಂದ ಸಾಗುವ ಮೋಟಾರುಮಾರ್ಗಗಳ ಅಂಚಿನಲ್ಲಿ ರಿಪೇರಿಗೆ ಕೈಹಾಕಬಾರದು, ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಂತು ಸಹಾಯಕ್ಕೆ ಕರೆಯಬೇಕು ಎಂಬುದು ಬ್ರಿಟನ್ನಿನ ರಸ್ತೆ ನಿಯಮಾವಳಿಯ ಸೂಚನೆ. ಆಗಲೂ ಐದನೆಯ ಚಕ್ರ ವ್ಯರ್ಥವಲ್ಲ. ಸಹಾಯಕ್ಕೆ ಬಂದವರು ಅದನ್ನು ಹಾಕಿ ಕಾರು ಮತ್ತು ಕ್ಯಾರವಾನನ್ನು ಒಟ್ಟಿಗೆ ಕಳುಹಿಸಬಹುದು. ಚಕ್ರವಿಲ್ಲದಿದ್ದರೆ ಎರಡನ್ನೂ ಹೇರಿಕೊಂಡು ಹೋಗಬಲ್ಲ ಲಾರಿಗಾಗಿ ಕಾಯಬೇಕು. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಗಳಲ್ಲಿ ಒಂದೇ ವಾಹನ ಹೋಗುವಷ್ಟು ಅಗಲದ ರಸ್ತೆಗಳಿವೆ. ಟೈರಿನ ಅಂಗಡಿಗಳು ದೂರ ದೂರ. ಅಲ್ಲಿ ಸಂಜೆಯ ಹೊತ್ತಿಗೆ ಟೈರು ಸೀಳಿದರೆ ಕಾಯುವುದು ಎಷ್ಟು ಹೊತ್ತೋ.

ನಮ್ಮಲ್ಲಿ

ಕರ್ನಾಟಕದ ರಸ್ತೆಗಳಲ್ಲಿ ಕಾರಿನ ಹಿಂದೆ ಕ್ಯಾರವಾನ್ ಕಾಣುವುದು ತೀರ ಅಪರೂಪ. ಆದರೆ ಸ್ಟೆಪ್ನಿಯ ಪ್ರಶ್ನೆ ಇಲ್ಲಿಗೂ ಬಂದಿದೆ. 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. ಟೈರಿನ ಗಾಳಿಯ ಒತ್ತಡವನ್ನು ತಿಳಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಸರಿಪಡಿಸುವ ಸಾಧನ ಇದ್ದರೆ ಕಾರಿನಂತಹ ವಾಹನಗಳಿಗೆ ಹೆಚ್ಚುವರಿ ಚಕ್ರ ಕಡ್ಡಾಯವಲ್ಲ ಎಂಬುದು ಅದರ ಸಾರ. ಕಾನೂನು ಬೇಡವೆಂದ ಮಾತ್ರಕ್ಕೆ ಅಗತ್ಯ ತೀರುವುದಿಲ್ಲ. ಕಾರು ಎಲ್ಲಿಗೆ ಹೋಗುತ್ತದೆ, ಎಷ್ಟು ಹೊರುತ್ತದೆ ಎಂಬುದು ತಯಾರಕರಿಗೆ ಗೊತ್ತಿಲ್ಲ, ಮನೆಯವರಿಗೆ ಗೊತ್ತು. ಆದ್ದರಿಂದ ಕೊನೆಯ ಲೆಕ್ಕವನ್ನು ಅವರೇ ಮಾಡಬೇಕು.

ಸನ್ನೆಯ ಪಾಠವನ್ನು ವಿದ್ಯಾರ್ಥಿಗಳು ಮನೆಯಲ್ಲೇ ಮಾಡಿ ನೋಡಬಹುದು. ಒಂದೇ ಎತ್ತರದ ಎರಡು ಬೆಂಕಿಪೊಟ್ಟಣಗಳ ಮೇಲೆ 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ಇಡಬೇಕು. ಒಂದು ಪೊಟ್ಟಣ ಸೊನ್ನೆಯ ಗುರುತಿನ ಕೆಳಗೆ, ಇನ್ನೊಂದು 20ರ ಗುರುತಿನ ಕೆಳಗೆ ಇರಲಿ. ಹೊರಚಾಚಿದ ತುದಿಯ ಮೇಲೆ ಒಂದೊಂದಾಗಿ ನಾಣ್ಯ ಇಡುತ್ತಾ ಹೋದರೆ ಮುಂದಿನ ತುದಿ ಹಗುರವಾಗುತ್ತಾ ಬಂದು ಕೊನೆಗೆ ಮೇಲೇಳುತ್ತದೆ. ಭಾರವೆಲ್ಲ ಹಿಂದಿನ ಪೊಟ್ಟಣದ ಪಾಲಿಗೆ ಬಂದಿರುತ್ತದೆ.

ಹಿರಿಯರಿಗೂ ಒಂದು ಕೆಲಸವಿದೆ. ಮುಂದಿನ ಸಲ ಟೈರುಗಳಿಗೆ ಗಾಳಿ ಹಾಕಿಸುವಾಗ ನಾಲ್ಕಕ್ಕೇ ನಿಲ್ಲಿಸದೆ ಡಿಕ್ಕಿಯನ್ನೂ ತೆರೆಯಬೇಕು. ಸ್ಟೆಪ್ನಿ ಇದ್ದರೆ ಅದಕ್ಕೂ ಗಾಳಿ ನೋಡಿಸಬೇಕು. ಇಲ್ಲದಿದ್ದರೆ ಅದು ಇಲ್ಲ ಎಂಬುದು ಮನೆಯಲ್ಲಿರುವಾಗಲೇ ಗೊತ್ತಾಗಲಿ.