ಸೂಜಿಗೆ ಮುನ್ನ ರೋಗಿಯನ್ನು ನೋಡಲಿ

ಕಳೆದ ಮಳೆಗಾಲದಲ್ಲಿ ನಮ್ಮಲ್ಲಿಗೆ ಬಂದ ರೈತರೊಬ್ಬರು ಕೈಚೀಲದಿಂದ ಹದಿನಾರು ಹಾಳೆಗಳಷ್ಟು ರಕ್ತಪರೀಕ್ಷೆಯ ವರದಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಹಿಂದಿನ ತಿಂಗಳು ಅವರ ಮಗನಿಗೆ ಜ್ವರ ಬಂದಿತ್ತು. ಎರಡನೆಯ ರಾತ್ರಿ ಹುಡುಗ ಚಳಿಯಿಂದ ನಡುಗತೊಡಗಿದಾಗ ಪಟ್ಟಣದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದಿದ್ದರು. ಒಳಹೊಕ್ಕ ಕೂಡಲೇ ಮೊದಲು ತೋಳಿಗೆ ಸೂಜಿ, ಅರ್ಧ ಗಂಟೆಯ ಬಳಿಕ ವೈದ್ಯರ ದರ್ಶನ. ಯಕೃತ್ತು, ಮೂತ್ರಪಿಂಡ, ಥೈರಾಯ್ಡ್, ಕೊಲೆಸ್ಟರಾಲ್, ರಕ್ತ ಹೆಪ್ಪುಗಟ್ಟುವ ಕಾಲ, ವಿಡಾಲ್, ಯಾವುದನ್ನೂ ಬಿಟ್ಟಿರಲಿಲ್ಲ. ವಿಡಾಲ್ ವರದಿಯನ್ನು ನೋಡಿ ಟೈಫಾಯಿಡ್ ಎಂದು ಹೇಳಿ ಏಳು ದಿನ ಇಂಜೆಕ್ಷನ್ ಕೊಟ್ಟರಂತೆ. “ಡಾಕ್ಟರ್ ಸಾಹೇಬ್ರ, ನನ್ನ ಮಗನಿಗೆ ಖರೇನ ಏನಾಗಿತ್ತು?” ಎಂಬುದು ಆ ತಂದೆಯ ಪ್ರಶ್ನೆ. ಹದಿನಾರು ಹಾಳೆಗಳಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹುಡುಗ ಆಗಲೇ ಶಾಲೆಗೆ ಹೋಗುತ್ತಿದ್ದ. ತಂದೆ ಸಾಲ ತೀರಿಸುತ್ತಿದ್ದರು.

ಪ್ರಯೋಗಾಲಯವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ನಾಡಿ ಹಿಡಿದು ಸಕಲವನ್ನೂ ಹೇಳಿಬಿಡುತ್ತೇವೆಂಬ ಅಹಂಕಾರವೂ ನಮಗಿಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಎದೆಯುರಿಯೆಂದು ಬಂದವರೊಬ್ಬರನ್ನು ಆಮ್ಲಪಿತ್ತವೆಂದು ಬಗೆದು ಚೂರ್ಣ ಕೊಟ್ಟು ಕಳುಹಿಸಿದ್ದೆವು. ಮರುದಿನ ಅವರು ಹೃದಯಾಘಾತದಿಂದ ಆಸ್ಪತ್ರೆ ಸೇರಿದರು. ಬದುಕಿ ಬಂದದ್ದು ಅವರ ಪುಣ್ಯ, ನಮ್ಮ ಪುಣ್ಯ. ಅಂದಿನಿಂದ ಎದೆನೋವೆಂದು ಬಂದ ಯಾರನ್ನೂ ಇಸಿಜಿ ಇಲ್ಲದೆ ಮನೆಗೆ ಕಳುಹಿಸಿಲ್ಲ. ಆದ್ದರಿಂದ ಇಲ್ಲಿ ನಮ್ಮ ಆಕ್ಷೇಪವಿರುವುದು ಪರೀಕ್ಷೆಯ ಕುರಿತಲ್ಲ, ಪ್ರಶ್ನೆಯೇ ಇಲ್ಲದೆ ಮಾಡಿಸುವ ಪರೀಕ್ಷೆಯ ಕುರಿತು.

ಹೆಚ್ಚು ಪರೀಕ್ಷೆ ಮಾಡಿಸಿದಷ್ಟೂ ಕ್ಷೇಮವೆಂದು ಜನ ನಂಬಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ವರದಿಯಲ್ಲಿ ಮುದ್ರಿತವಾಗಿರುವ ‘ಸಾಮಾನ್ಯ ಮಿತಿ’ಯನ್ನು ಬಹುತೇಕ ನಿಗದಿಪಡಿಸುವುದು ನೂರು ಆರೋಗ್ಯವಂತರಲ್ಲಿ ತೊಂಬತ್ತೈದು ಮಂದಿ ಅದರೊಳಗೆ ಬರುವಂತೆ. ಉಳಿದ ಐವರು ಆರೋಗ್ಯವಂತರೇ, ಆದರೂ ಅವರ ಅಂಕಿ ಮಿತಿಯ ಹೊರಗಿರುತ್ತದೆ. ಹೀಗಿರುವಾಗ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಯಾವ ರೋಗವೂ ಇಲ್ಲದವರಿಗೆ ಮಾಡಿಸಿದರೆ, ಒಂದರಲ್ಲಾದರೂ ಏರುಪೇರು ಕಾಣುವ ಸಂಭವ ಶೇ. 64ರಷ್ಟು. ಕಂಡ ಮೇಲೆ ಬಿಡುವಂತಿಲ್ಲ; ಮರುಪರೀಕ್ಷೆ, ಸ್ಕ್ಯಾನ್, ಒಂದು ರಾತ್ರಿ ದಾಖಲು. ಡಿ-ಡೈಮರ್ ಎಂಬ ಪರೀಕ್ಷೆಯನ್ನೇ ನೋಡಿ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸೇರಿದೆಯೇ ಎಂಬ ಸಂದೇಹವಿದ್ದಾಗ ಅದು ಉಪಕಾರಿ. ಆದರೆ ವಯಸ್ಸಾದವರಲ್ಲಿ, ಗರ್ಭಿಣಿಯರಲ್ಲಿ, ಯಾವುದೇ ಸೋಂಕಿನಲ್ಲಿ ಅದು ತಾನೇ ಏರಿರುತ್ತದೆ. ಸಂದೇಹವಿಲ್ಲದೆ ಮಾಡಿಸಿದರೆ ಹೊಸ ಭಯವೊಂದನ್ನು ಹುಟ್ಟಿಸುತ್ತದೆ, ಅಷ್ಟೇ.

ವಿಡಾಲ್ ವಿಷಯಕ್ಕೆ ಬರೋಣ. ಫ್ರಾನ್ಸಿನ ಫೆರ್ನಾಂಡ್ ವಿಡಾಲ್ 1896ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಟೈಫಾಯಿಡ್ ರೋಗಾಣುವಿನ ವಿರುದ್ಧ ದೇಹ ಸಿದ್ಧಪಡಿಸುವ ಪ್ರತಿಕಾಯಗಳನ್ನು ಇದು ಅಳೆಯುತ್ತದೆ. ಅವು ತಯಾರಾಗಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು. ಅಂದಮೇಲೆ ಎರಡನೆಯ ದಿನದ ಜ್ವರದಲ್ಲಿ ಅದು ಹೇಳುವುದೇನು? ಟೈಫಾಯಿಡ್ ನೆಲೆಯೂರಿರುವ ನಮ್ಮ ನಾಡಿನಲ್ಲಿ ಹಳೆಯ ಸೋಂಕು ಅಥವಾ ಲಸಿಕೆಯ ಕಾರಣದಿಂದ ಆರೋಗ್ಯವಂತರ ರಕ್ತದಲ್ಲಿಯೂ ಈ ಪ್ರತಿಕಾಯಗಳು ಇರಬಹುದು. ಒಂದೇ ಸಲದ ವಿಡಾಲ್ ನೆಚ್ಚಿ ಟೈಫಾಯಿಡ್ ಎನ್ನುವಂತಿಲ್ಲ; ರೋಗಾಣುವನ್ನೇ ಬೆಳೆಸಿ ನೋಡುವ ಬ್ಲಡ್ ಕಲ್ಚರ್ ಇದಕ್ಕಿಂತ ವಿಶ್ವಾಸಾರ್ಹ, ಅದೂ ಆ್ಯಂಟಿಬಯೋಟಿಕ್ ಕೊಡುವ ಮೊದಲು. ಆ ಹುಡುಗನಿಗೆ ಬೇಕಿದ್ದದ್ದು ರಕ್ತಕಣಗಳ ಎಣಿಕೆ, ಮಲೇರಿಯಾಕ್ಕಾಗಿ ರಕ್ತಲೇಪನ, ಡೆಂಗಿಯ ದಿನಗಳಾದ್ದರಿಂದ ಎನ್‌ಎಸ್‌1. ಜೊತೆಗೆ ಹೊಟ್ಟೆ, ಗಂಟಲು, ಚರ್ಮವನ್ನು ಮುಟ್ಟಿ ನೋಡುವ ಐದು ನಿಮಿಷ. ಆ ಐದು ನಿಮಿಷಕ್ಕೆ ಬಿಲ್ಲಿನಲ್ಲಿ ಸಾಲಿಲ್ಲ.

ನಮ್ಮ ಶಾಸ್ತ್ರ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಪರೀಕ್ಷೆಗಳನ್ನು ಹೇಳಿದೆ. ಇದು ಆಯುರ್ವೇದದ ಸ್ವತ್ತೇನೂ ಅಲ್ಲ. ಅಲೋಪಥಿಯ ಹಿರಿಯ ಪ್ರಾಧ್ಯಾಪಕರೂ ವಿದ್ಯಾರ್ಥಿಗಳಿಗೆ ಇದನ್ನೇ ಕಲಿಸುತ್ತ ಬಂದಿದ್ದಾರೆ. ಇದನ್ನು ಮಾಡಿದ ಮೇಲೆ ಉಳಿಯುವ ಸಂದೇಹಕ್ಕೆ ಪ್ರಯೋಗಾಲಯ ಉತ್ತರ ಕೊಡಬೇಕು. ಹಾವು ಕಡಿದು ಬಂದವರಿಗೆ ಮಾಡುವ ಪರೀಕ್ಷೆ ಇದಕ್ಕೆ ಒಳ್ಳೆಯ ನಿದರ್ಶನ. ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿ.ಲೀ. ರಕ್ತವನ್ನು ತೆಗೆದುಕೊಂಡು 20 ನಿಮಿಷ ಅಲುಗಿಸದೆ ಇಡುತ್ತಾರೆ. ಬಳಿಕ ಓರೆ ಮಾಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ, ಮಂಡಲದ ಹಾವಿನಂತಹ ವಿಷ ರಕ್ತಕ್ಕೆ ಸೇರಿದೆ, ಪ್ರತಿವಿಷ ಕೊಡಬೇಕು ಎಂದರ್ಥ. ಯಂತ್ರ ಬೇಡ, ಖರ್ಚು ನಗಣ್ಯ, ತಾಲ್ಲೂಕು ಆಸ್ಪತ್ರೆಯ ಮಂಚದ ಪಕ್ಕದಲ್ಲಿಯೇ ಆಗುತ್ತದೆ. ವರದಿ ಬಂದ ಕ್ಷಣ ಚಿಕಿತ್ಸೆಯ ದಾರಿ ತಿಳಿಯುತ್ತದೆ. ನಾಗರಹಾವಿನ ವಿಷ ನರಗಳಿಗೆ ಏರುವಂಥದು. ಅಲ್ಲಿ ಈ ನಳಿಕೆ ಸಾಲದು, ರೆಪ್ಪೆ ಜೋತುಬಿದ್ದಿದೆಯೇ ಎಂದು ಕಣ್ಣನ್ನೇ ನೋಡಬೇಕು.

ತುರ್ತು ವಿಭಾಗದ ಕಿರಿಯ ವೈದ್ಯರನ್ನು ಮಾತ್ರ ದೂಷಿಸುವುದು ಸುಲಭ, ನ್ಯಾಯವಲ್ಲ. ಮಧ್ಯರಾತ್ರಿ ಒಬ್ಬರೇ ಇಪ್ಪತ್ತು ರೋಗಿಗಳನ್ನು ನೋಡುವಾಗ ಮೊದಲೇ ಮುದ್ರಿತವಾದ ಪಟ್ಟಿಯಲ್ಲಿ ಗುರುತು ಹಾಕುವುದು ಸರಳ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ವೈದ್ಯಸೇವೆಯನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದಿತು. ಅದು ಯೋಗ್ಯವೇ ಆದರೂ, ‘ಏಕೆ ಮಾಡಿಸಲಿಲ್ಲ’ ಎಂದು ನಾಳೆ ಯಾರಾದರೂ ಕೇಳಿಯಾರೆಂಬ ಭಯ ವೈದ್ಯರಲ್ಲಿ ಬೆಳೆದಿದೆ. ರೋಗಿಯ ಬಂಧುಗಳೂ “ಎಲ್ಲಾ ಟೆಸ್ಟ್ ಮಾಡಿಬಿಡ್ರಿ” ಎನ್ನುತ್ತಾರೆ. ಇವೆಲ್ಲವನ್ನೂ ಕ್ಷಮಿಸಬಹುದು. ಕ್ಷಮಿಸಲಾಗದ್ದು ಕಮಿಷನ್ನು. ಪರೀಕ್ಷೆಗೆ ಕಳುಹಿಸಿದ್ದಕ್ಕೆ ಪಾಲು ಪಡೆಯುವುದನ್ನು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳೇ ನಿಷೇಧಿಸಿವೆ. ತಿಂಗಳ ಕೊನೆಗೆ ಬರುವ ಲಕೋಟೆ ಆಯುರ್ವೇದದವರ ಮೇಜಿಗೂ ಬರುತ್ತದೆ. ನಮ್ಮ ಮೇಜಿಗೂ ಬಂದಿತ್ತು, ಹಿಂದಿರುಗಿಸಿದೆವು. ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನವರಿದ್ದರು. ವೈದ್ಯವನ್ನು ಕಾಯಕವೆಂದು ಕರೆಯುವ ನಾವು ಆ ಲಕೋಟೆಯನ್ನು ದಾಸೋಹಕ್ಕೆ ಸಲ್ಲಿಸಿದರೂ ಅದು ಶುದ್ಧವಾಗದು.

ಆಸ್ಪತ್ರೆಗಳು ಮೊದಲು ಮಾಡಬೇಕಾದದ್ದು ಆ ಮುದ್ರಿತ ಪಟ್ಟಿಯನ್ನು ಹರಿದುಹಾಕುವುದು. ಪ್ರತಿ ಪರೀಕ್ಷೆಯ ಮುಂದೆ ‘ಯಾವ ಸಂದೇಹಕ್ಕೆ’ ಎಂಬ ಒಂದು ಸಾಲನ್ನು ವೈದ್ಯರು ಕೈಯಾರೆ ಬರೆಯುವಂತಾದರೆ ಬಹಳಷ್ಟು ಪರೀಕ್ಷೆಗಳು ತಾವಾಗಿಯೇ ಉದುರುತ್ತವೆ. ಎರಡು ದಿನದ ಹಿಂದಿನ ಥೈರಾಯ್ಡ್ ವರದಿ ಬೇರೆ ಪ್ರಯೋಗಾಲಯದ್ದೆಂಬ ಕಾರಣಕ್ಕೆ ಮತ್ತೆ ರಕ್ತ ತೆಗೆಯುವುದು ನಿಲ್ಲಬೇಕು.

ಶರಣಬಂಧುಗಳು ಮನೆಯಲ್ಲಿ ಪ್ರತಿಯೊಬ್ಬರ ಹಳೆಯ ವರದಿಗಳನ್ನೂ ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನೂ ಒಂದೇ ಕಡೆ ಇಟ್ಟುಕೊಂಡು ಆಸ್ಪತ್ರೆಗೆ ಒಯ್ಯಬೇಕು. “ಈ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುವುದೇ?” ಎಂದು ವಿನಯದಿಂದ ಕೇಳಿದರೆ ಒಳ್ಳೆಯ ವೈದ್ಯರು ಬೇಸರಪಡುವುದಿಲ್ಲ. ಆದರೆ ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ಎಚ್ಚರ ತಪ್ಪುವುದು, ಇಂತಹ ಸಂದರ್ಭದಲ್ಲಿ ಬಾಗಿಲಲ್ಲಿ ನಿಂತು ಚರ್ಚಿಸಬೇಡಿ. ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಎಚ್ಚರ ತಪ್ಪಿದವರ ಸಕ್ಕರೆಯ ಅಂಶವನ್ನು ತಕ್ಷಣ ನೋಡಬೇಕು. ಟ್ರೋಪೋನಿನ್ ಪರೀಕ್ಷೆಯನ್ನು ಕೆಲವು ಗಂಟೆಗಳ ಬಳಿಕ ಎರಡನೆಯ ಸಲ ಮಾಡಿಸಲು ಹೇಳಿದರೆ ಅದು ಹಣದಾಸೆಯೆಂದು ತಿಳಿಯದಿರಿ. ಹೃದಯಕ್ಕೆ ಪೆಟ್ಟಾದ ಆರಂಭದಲ್ಲಿ ಮೊದಲನೆಯ ವರದಿ ಸರಿಯಾಗಿಯೇ ಕಾಣಿಸಬಹುದು.