ತೆಳ್ಳಗಾದ ಮೇಲೆ ಈಜು

ಬೇಸಿಗೆ ಬಂತೆಂದರೆ ಜಿಮ್ಮಿನವರಿಗೆ ನಮ್ಮ ಹೊಟ್ಟೆಯ ಚಿಂತೆ ಶುರು. ಈ ವಾರ ಮಂಗಳೂರಿನಲ್ಲಿ, ನಂತೂರಿನ ಹತ್ತಿರ ಕಂಡ ಫ್ಲೆಕ್ಸಿನಲ್ಲಿ ಹೊಟ್ಟೆಯೇ ಇಲ್ಲದ ಹುಡುಗಿಯೊಬ್ಬಳು ಈಜುಡುಗೆಯಲ್ಲಿ ನಿಂತು, 'ಬೀಚಿಗೆ ನಿಮ್ಮ ದೇಹ ರೆಡಿಯಾ?' ಎಂದು ಕೇಳುತ್ತಿದ್ದಳು. ಪಣಂಬೂರಿಗೆ ಹೋಗಿ ಚರುಮುರಿ ತಿಂದು, ಸೀರೆಯ ನೆರಿಗೆ ಎತ್ತಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತು ಬರಲು ಯಾವ ದೇಹ ಸಾಲದು ಮಾರಾಯ್ರೆ? ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದೇ ಸಂಜೆ ತಮ್ಮನ ಮಗಳು ರಜೆಯ ಈಜು ಕ್ಲಾಸಿಗೆ ಹೆಸರು ಕೊಡುವುದಿಲ್ಲ ಎಂದಳು. ಕಾರಣ ಕೇಳಿದರೆ, "ಅತ್ತೆ, ಸ್ವಲ್ಪ ತೆಳ್ಳಗಾಗಿ ಮತ್ತೆ ಸೇರ್ತೇನೆ."

ನನ್ನ ಹಳೇ ರಾಗ ನಿಮಗೆ ಬಾಯಿಪಾಠ ಆಗಿರಬಹುದು, ಆದರೂ ಎಳೆಯುತ್ತೇನೆ. ಒಂದು ಬದಿ ನೇತ್ರಾವತಿ, ಇನ್ನೊಂದು ಬದಿ ಫಲ್ಗುಣಿ, ಎದುರಿಗೆ ಅರಬ್ಬಿ ಸಮುದ್ರ. ಇಂಥ ಊರಿನಲ್ಲಿ ಮಕ್ಕಳಿಗೆ ಎಂಜಿನಿಯರಿಂಗ್ ಸೀಟು ತಪ್ಪಿದರೆ ಮನೆಯಲ್ಲಿ ಸೂತಕ. ಈಜು ಬಾರದಿದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ನಮ್ಮ ಅಜ್ಜಿಯಂದಿರು ಎದೆಗೆ ಲಂಗ ಕಟ್ಟಿ, ಜೋಡಿ ಒಣ ತೆಂಗಿನಕಾಯಿ ಕಂಕುಳಡಿ ಇಟ್ಟುಕೊಂಡು ತೋಟದ ಕೆರೆಯಲ್ಲೇ ಕಲಿತರು. ಅವರ ಹೊಟ್ಟೆ ಎಷ್ಟಿದೆ ಎಂದು ನೋಡಲು ಅಲ್ಲಿ ಮೀನುಗಳು ಮಾತ್ರ ಇದ್ದವು. ಕೆರೆ ಮುಚ್ಚಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ಈಜು ಸಿಮೆಂಟಿನ ಕೊಳಕ್ಕೆ ಬಂತು, ಕೊಳದ ಜೊತೆ ಗ್ಯಾಲರಿಯೂ ಬಂತು. ಹತ್ತು ವರ್ಷದ ತನಕ ನೀರು ಬಿಟ್ಟು ಏಳದ ಹೆಣ್ಣುಮಕ್ಕಳು ಹೈಸ್ಕೂಲು ಮುಟ್ಟುವಷ್ಟರಲ್ಲಿ ಕಾಣೆಯಾಗುವುದು ಆ ಗ್ಯಾಲರಿಯ ಎದುರಿಗೇ.

ಒಳ್ಳೆಯ ಕಾಸ್ಟ್ಯೂಮ್ ತೆಗೆದುಕೊಟ್ಟರೆ ಹುಡುಗಿಯ ಮನಸ್ಸು ಬದಲಾದೀತು, ನನಗೂ ಒಂದು ಬೇಕು ಎಂದು ಹಂಪನಕಟ್ಟೆ ಕಡೆಯ ಒಂದು ಅಂಗಡಿಗೆ ಹೋದೆ. "ಏರೆಗ್ ಮೇಡಂ?" ಎಂದು ತುಳುವಿನಲ್ಲಿ, ಯಾರಿಗೆಂದು ಕೇಳಿದ ಸೇಲ್ಸಿನ ಹುಡುಗ. "ಎಂಕ್", ನನಗೇ, ಎಂದೆ. ಅವನ ಕಣ್ಣು ನನ್ನ ಕತ್ತಿನಿಂದ ಸೊಂಟಕ್ಕೆ ಇಳಿದು, ಅಲ್ಲಿ ಗಾಬರಿಗೊಂಡು, ಗಲ್ಲಾಪೆಟ್ಟಿಗೆಯ ಯಜಮಾನರ ಕಡೆ ಓಡಿತು. ಅಟ್ಟದಿಂದ ಡಬ್ಬಿಗಳನ್ನು ಇಳಿಸಿದರು. ಗುಲಾಬಿ ಫ್ರಿಲ್ಲಿನವು, ಮತ್ಸ್ಯಕನ್ಯೆಯ ಚಿತ್ರದವು, ಎಲ್ಲ ಎಂಟು-ಹತ್ತು ವರ್ಷದವರಿಗೆ. ದೊಡ್ಡವರದ್ದೆಂದು ಇದ್ದದ್ದು ಕಪ್ಪು ಬಣ್ಣದ್ದೊಂದು, ನೀಲಿಯದ್ದೊಂದು, ಎರಡೂ ಮೀಡಿಯಂ. "ಡಬಲ್ ಎಕ್ಸೆಲ್ ತರಿಸುವುದಿಲ್ಲ ಮೇಡಂ, ಆ ಸೈಜಿನವರು ಈಜುವುದಿಲ್ಲ" ಎಂದರು ಯಜಮಾನರು, ಬಹಳ ಮರ್ಯಾದೆಯಿಂದಲೇ. ಗಂಡಸರ ಚಡ್ಡಿಗಳು ತ್ರಿಬಲ್ ಎಕ್ಸೆಲ್ ತನಕ ಗೋಡೆಯಲ್ಲಿ ನೇತಾಡುತ್ತಿದ್ದವು. ಆ ಸೈಜಿನ ಗಂಡಸರು ಈಜುತ್ತಾರಂತೆ.

ಚೂಡಿದಾರದಲ್ಲೇ ಇಳಿದರಾಗದೇ ಎನ್ನುವವರಿಗೆ ಒಂದು ಮಾತು. ಹತ್ತಿ ಬಟ್ಟೆ ನೀರು ಕುಡಿದು ಭಾರವಾಗಿ ಕೆಳಗೆ ಎಳೆಯುತ್ತದೆ, ಅದರಿಂದ ಬಿಟ್ಟ ಎಳೆಗಳು ಫಿಲ್ಟರಿಗೆ ಹೋಗಿ ಸೇರುತ್ತವೆ. ಕೊಳದವರು ನೈಲಾನ್ ಕೇಳುವುದು ಅದಕ್ಕೆ, ಮೈ ತೋರಿಸಲಿ ಎಂದಲ್ಲ. 2010ರಿಂದ ಜಾರಿಯಲ್ಲಿರುವ ಅಂತಾರಾಷ್ಟ್ರೀಯ ನಿಯಮದಲ್ಲೇ ಹೆಂಗಸರ ಉಡುಪು ಭುಜದಿಂದ ಮೊಣಕಾಲಿನವರೆಗೆ ಇರಬಹುದು. ತುಂಡುಬಟ್ಟೆ ಎಂದು ಮೂಗು ಮುರಿಯುವವರು ಒಮ್ಮೆ ಒಲಿಂಪಿಕ್ಸ್ ನೋಡಲಿ.

ದೇಹದ ವಿಷಯದಲ್ಲಿ ನಮ್ಮ ಊರಿನವರಿಗೆ ನೆನಪೂ ಕಡಿಮೆ. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ 1994ರಲ್ಲಿ ವಿಶ್ವ ಸುಂದರಿ ಆದಾಗ 'ನಮ್ಮ ಹುಡುಗಿ' ಎಂದು ಬೀಗಿದೆವು. ಎರಡೇ ವರ್ಷಕ್ಕೆ ಅದೇ ಸ್ಪರ್ಧೆ ಬೆಂಗಳೂರಿಗೆ ಬಂದಾಗ ಎಡದವರು, ಬಲದವರು, ರೈತ ಸಂಘದವರು ಎಲ್ಲರೂ ಬೀದಿಗಿಳಿದರು. ಕಾರಣ ಒಬ್ಬೊಬ್ಬರದ್ದು ಒಂದೊಂದು. ಈಜುಡುಗೆಯ ಸುತ್ತನ್ನು ಮಾತ್ರ ಕಡಲಾಚೆ ಸೀಶೆಲ್ಸ್ ದ್ವೀಪಕ್ಕೆ ಸಾಗಿಸಿ ಮರ್ಯಾದೆ ಉಳಿಸಿಕೊಂಡರು. ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಡುವುದು ನನಗೂ ಹೇಸಿಗೆಯೇ. ಆದರೆ 2012ರಲ್ಲಿ, ಬಾಣಂತನ ಮುಗಿಸಿ ಹೊರಬಂದ ಅದೇ ಐಶ್ವರ್ಯಾ ದಪ್ಪಗಾಗಿದ್ದಾರೆ ಎಂದು ದೇಶವೇ ಆಡಿಕೊಂಡಾಗ ಬೀದಿಗೆ ಯಾರೂ ಇಳಿಯಲಿಲ್ಲ. ವಿಶ್ವ ಸುಂದರಿಗೇ ಈ ಗತಿಯಾದರೆ, ಕಂಕನಾಡಿಯ ಪಿಯುಸಿ ಹುಡುಗಿ ಯಾವ ಧೈರ್ಯದಲ್ಲಿ ಟವೆಲ್ ಬಿಚ್ಚಿಟ್ಟು ನೀರಿಗೆ ಇಳಿಯುತ್ತಾಳೆ?

ಬಿಚ್ಚಿದರೂ ತಪ್ಪು, ಮುಚ್ಚಿದರೂ ತಪ್ಪು. 2016ರಲ್ಲಿ ಫ್ರಾನ್ಸಿನ ಕಾನ್ ನಗರದವರು ಮೈ ಮುಚ್ಚುವ ಬುರ್ಕಿನಿಯನ್ನು ಬೀಚಿನಲ್ಲಿ ನಿಷೇಧಿಸಿದರು. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ತಂಡದ ಹೆಂಗಸರಿಗೆ ಬಿಕಿನಿ ಬಿಟ್ಟು ಚಡ್ಡಿ ಹಾಕಿದ್ದಕ್ಕೆ 1,500 ಯೂರೊ ದಂಡ ಬಿತ್ತು. ನಾವೇನು ಕಡಿಮೆಯೇ? ಆಟಿ ಅಮಾವಾಸ್ಯೆಯ ತೀರ್ಥಸ್ನಾನಕ್ಕೆ ಸೋಮೇಶ್ವರದ ಕಡಲಿಗಿಳಿದು, ಒದ್ದೆ ಸೀರೆ ಮೈಗಂಟಿಸಿಕೊಂಡು ಬರುವ ಹೆಂಗಸರನ್ನು ಯಾರೂ ಏನೂ ಅನ್ನುವುದಿಲ್ಲ. ಅನ್ನಬಾರದು ಕೂಡ. ಅದೇ ಸೋಮೇಶ್ವರದಲ್ಲಿ 2023ರ ಜೂನ್ 1ರ ಸಂಜೆ, ಗೆಳತಿಯರ ಜೊತೆ ಬಂದಿದ್ದ ವಿದ್ಯಾರ್ಥಿಗಳಿಗೆ ಹೊಡೆದರು. ಅಲ್ಲಿ ಈಜುಡುಗೆಯ ಮಾತೇ ಇರಲಿಲ್ಲ.

ಅದೇ ವರ್ಷ ನವೆಂಬರಿನಲ್ಲಿ ಎಮ್ಮೆಕೆರೆಯ ಹೊಸ ಕೊಳದಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಈಜು ಸ್ಪರ್ಧೆ ನಡೆಯಿತು. ಸ್ಮಾರ್ಟ್ ಸಿಟಿಯ ದುಡ್ಡಿನಲ್ಲಿ ಆದ ಒಳ್ಳೆಯ ಕೆಲಸಗಳಲ್ಲಿ ಆ ಕೊಳವೂ ಒಂದು, ಉಳಿದವನ್ನು ಹುಡುಕುತ್ತಿದ್ದೇನೆ. ಮಾಸ್ಟರ್ಸ್ ಎಂದರೆ 25 ದಾಟಿದವರಿಗೆ, ಐದೈದು ವರ್ಷಕ್ಕೊಂದು ವಿಭಾಗ. ನರೆತ ಕೂದಲನ್ನು ಟೋಪಿಯೊಳಗೆ ತುರುಕಿಕೊಂಡ ಒಬ್ಬರು ಹೆಂಗಸು ಬ್ಲಾಕ್ ಹತ್ತಿ ನಿಂತರು. ಜೋಲುವ ತೋಳು, ಮುಂದೆ ಬಂದ ಹೊಟ್ಟೆ, ಮೊಣಕಾಲಿನ ಮೇಲೆ ಆಪರೇಷನ್ನಿನ ಉದ್ದ ಗೆರೆ. ಕನ್ನಡಕ ಸರಿಮಾಡಿಕೊಂಡರು, ಸೀಟಿ ಬಿತ್ತು, ಹಾರಿದರು. ಅವರು ಎಷ್ಟನೆಯವರಾಗಿ ಬಂದರು ಎಂದು ನನಗೆ ನೆನಪಿಲ್ಲ. ಅವರಿಗಂತೂ ತಮ್ಮ ಹೊಟ್ಟೆಯ ನೆನಪೇ ಇದ್ದಂತಿರಲಿಲ್ಲ. ತಮ್ಮನ ಮಗಳನ್ನು ಅಂದು ಕರೆದುಕೊಂಡು ಹೋಗಬೇಕಿತ್ತು. ಅವಳಿಗೆ ಟ್ಯೂಷನ್ ಇತ್ತು.

ಕೊಳ ನಡೆಸುವವರಲ್ಲಿ ಒಂದು ವಿನಂತಿ. 'ಕಾಸ್ಟ್ಯೂಮ್, ಕ್ಯಾಪ್ ಕಡ್ಡಾಯ' ಎಂಬ ಬೋರ್ಡನ್ನು ಗ್ಯಾಲರಿಯ ಮೆಟ್ಟಿಲಿಗೂ ಒಂದು ಹಾಕಿಬಿಡಿ. ಮಕ್ಕಳನ್ನು ಬಿಡಲು ಬಂದ ನೆಪದಲ್ಲಿ ಮೊಬೈಲ್ ಹಿಡಿದು ಕೂರುವ ಮಹನೀಯರೆಲ್ಲ ಈಜುಚಡ್ಡಿ, ಟೋಪಿಯಲ್ಲೇ ಕೂರಲಿ. ಯಾರ ದೇಹ ಎಷ್ಟು ರೆಡಿಯಾಗಿದೆ ಎಂದು ನೀರಿನಲ್ಲಿರುವ ಹೆಂಗಸರೂ ಒಮ್ಮೆ ತಲೆ ಎತ್ತಿ ನೋಡುತ್ತಾರೆ.